ನೀಲನಕ್ಷೆ ಸರಿಯಿದ್ದರೆ ಸಾಕೇ?

ಪ್ರತಿವರ್ಷ ಬೋಧನಾಭ್ಯಾಸಕ್ಕೆಂದು ನಮ್ಮ ಪ್ರೌಢಶಾಲೆಗೆ ಬರುವ ಕನ್ನಡ ಪ್ರಶಿಕ್ಷಣಾರ್ಥಿಗಳು ಕೊನೆಯ ವಾರದಲ್ಲಿ 25 ಅಂಕಗಳ ಘಟಕ ಪರೀಕ್ಷೆಯೊಂದನ್ನು ಸಿದ್ಧಪಡಿಸಿ ನನ್ನ ಮುಂದಿಡುತ್ತಾರೆ. ನೀಲನಕ್ಷೆ ಅಚ್ಚುಕಟ್ಟಾಗಿರುತ್ತದೆ. ಸ್ಮರಣೆ, ಗ್ರಹಿಕೆ, ಅಭಿವ್ಯಕ್ತಿ, ಪ್ರಶಂಸೆ ಎಂಬ ಉದ್ದೇಶಗಳಿಗೆ ಅಂಕಗಳು ಹಂಚಿಕೆಯಾಗಿರುತ್ತವೆ. ಅಡ್ಡ ಕೂಡಿದರೂ ಉದ್ದ ಕೂಡಿದರೂ 25 ಬರುತ್ತದೆ. ನಾನು ನೋಡಿ ಸಹಿ ಹಾಕುತ್ತೇನೆ. ಲೆಕ್ಕ ಸರಿಯಿದೆ, ಆದರೆ ಪ್ರಶ್ನೆ ನ್ಯಾಯವಾಗಿದೆಯೇ ಎಂದು ನಾನು ಕೇಳತೊಡಗಿದ್ದು ನನ್ನದೇ ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಗೆ 'ನೀವು ಕೈಗೊಂಡ ಪ್ರವಾಸ' ಎಂಬ ವಿಷಯದ ಮೇಲೆ ಐದು ಅಂಕದ ಪ್ರಬಂಧ ಕೊಟ್ಟಿದ್ದೆ. ತಾಂಡಾದಿಂದ ಬರುತ್ತಿದ್ದ ಹುಡುಗನೊಬ್ಬ, ಅಪ್ಪ ಅವ್ವನ ಜೊತೆ ಮಂಡ್ಯದ ಕಡೆ ಕಬ್ಬು ಕಡಿಯಲು ಹೋದದ್ದನ್ನು ಬರೆದಿದ್ದ. ಲಾರಿಯ ಮೇಲಿನ ರಾತ್ರಿ ಪ್ರಯಾಣ, ಗದ್ದೆಯ ಬದುವಿನ ಗುಡಿಸಲು, ರವದಿಗೆ ಕೈ ಕೊಯ್ದುಕೊಂಡ ತಂಗಿ ಎಲ್ಲವೂ ಅದರಲ್ಲಿದ್ದವು. ಅಕ್ಷರದೋಷಗಳು ಸಾಲುಸಾಲಾಗಿದ್ದವು. ನಾನು 'ವಿಷಯಕ್ಕೆ ಸಂಬಂಧಿಸಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದು ಒಂದು ಅಂಕ ಕೊಟ್ಟೆ. ಉತ್ತರಪತ್ರಿಕೆ ಹಿಂದಿರುಗಿಸಿದ ದಿನ ಅವನು ಮೇಜಿನ ಹತ್ತಿರ ಬಂದು, "ಸರ್, ಕಬ್ಬು ಕಡಿಯಾಕ ಹೋದ್ರ ಅದು ಪ್ರವಾಸ ಅಲ್ಲೇನ್ರಿ?" ಎಂದ. ಅವನು ಜಗಳಕ್ಕೆ ಬಂದಿರಲಿಲ್ಲ, ತಿಳಿದುಕೊಳ್ಳಲು ಕೇಳಿದ್ದ. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯಿಂದ ನಾನು ಅಳೆಯಹೊರಟಿದ್ದು ಅಭಿವ್ಯಕ್ತಿಯನ್ನು. ನಿಜವಾಗಿ ಅಳೆದದ್ದು ಮನೆಯವರಿಗೆ ಪ್ರವಾಸಕ್ಕೆ ಹಣವಿತ್ತೇ ಎಂಬುದನ್ನು. ಮಾಪನದ ಪಾಠದಲ್ಲಿ ನಾವೆಲ್ಲ ಓದುವ ಸಿಂಧುತ್ವ ಎಂಬ ಮಾತಿನ ಅರ್ಥ ಇಷ್ಟೇ: ಯಾವುದನ್ನು ಅಳೆಯುತ್ತೇವೆಂದು ಹೇಳುತ್ತೇವೋ ಅದನ್ನೇ ಅಳೆಯಬೇಕು. ಅದು ತಪ್ಪಿದರೆ ನೀಲನಕ್ಷೆ ಎಷ್ಟು ಅಂದವಾಗಿದ್ದರೂ ಪ್ರಯೋಜನವಿಲ್ಲ.

ಅಕ್ಷರದೋಷದ ಮಾತೂ ಹೀಗೆಯೇ. ಆ ಹುಡುಗನ ಮನೆಮಾತು ಲಂಬಾಣಿ. ದಾಖಲೆಯಲ್ಲಿ ಕನ್ನಡ ಅವನ ಪ್ರಥಮ ಭಾಷೆ, ಆದರೆ ಅವನ ನಾಲಿಗೆಗೆ ಅದು ಎರಡನೆಯದು. ಕನ್ನಡವೇ ಮನೆಮಾತಾದ ಮಕ್ಕಳಲ್ಲೂ 'ಹಾಲು' 'ಆಲು' ಆಗುತ್ತದೆ, ಶಕಾರ ಸಕಾರವಾಗುತ್ತದೆ, ಮಹಾಪ್ರಾಣ ಬಿದ್ದುಹೋಗುತ್ತದೆ. ಹಾಗೆಂದು ತಿದ್ದಬಾರದೆಂದು ನಾನು ಹೇಳುತ್ತಿಲ್ಲ. ಬರವಣಿಗೆಯ ಕನ್ನಡವನ್ನು ಕಲಿಸುವುದು ನಮ್ಮ ಕೆಲಸ. ಆದರೆ ಪಠ್ಯ ಅರ್ಥವಾಗಿದೆಯೇ ಎಂದು ನೋಡುವ ಪ್ರಶ್ನೆಯಲ್ಲಿ ಒತ್ತಕ್ಷರಕ್ಕೆ ಅಂಕ ಕಳೆದರೆ, ಒಂದೇ ತಪ್ಪಿಗೆ ಮಗು ಪ್ರತಿ ಪ್ರಶ್ನೆಯಲ್ಲೂ ದಂಡ ಕಟ್ಟಿದಂತಾಗುತ್ತದೆ.

ಈಗ ನಾನು ಪಾಲಿಸುತ್ತಿರುವ ಕ್ರಮಗಳು ಸರಳವಾದವು. ಮೊದಲನೆಯದು, ಪ್ರಬಂಧಕ್ಕೆ ಒಂದರ ಬದಲು ಮೂರು ವಿಷಯ ಕೊಡುತ್ತೇನೆ. ಅವುಗಳಲ್ಲಿ ಒಂದಾದರೂ ಪ್ರತಿ ಮಗುವಿನ ಅನುಭವಕ್ಕೆ ಎಟುಕಬೇಕು. ಎರಡನೆಯದು, ಐದು ಅಂಕವನ್ನು ಒಡೆಯುತ್ತೇನೆ: ವಿಷಯಕ್ಕೆ 2, ನಿರೂಪಣೆಗೆ 2, ಭಾಷಾಶುದ್ಧಿಗೆ 1. ಇದನ್ನು ಪರೀಕ್ಷೆಗೆ ಮೊದಲೇ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಮೂರನೆಯದು, ಒಬ್ಬ ವಿದ್ಯಾರ್ಥಿಯ ಪತ್ರಿಕೆಯನ್ನು ಪೂರ್ತಿ ತಿದ್ದಿ ಇನ್ನೊಂದನ್ನು ಎತ್ತಿಕೊಳ್ಳುವುದಿಲ್ಲ. ಎಲ್ಲರ ಮೊದಲ ಉತ್ತರ, ಆಮೇಲೆ ಎಲ್ಲರ ಎರಡನೆಯ ಉತ್ತರ, ಹೀಗೆ. ಹೆಸರಿರುವ ಪುಟವನ್ನು ಮಡಿಸಿಡುತ್ತೇನೆ. ಮುದ್ದಾದ ಅಕ್ಷರ, ಮುಂದಿನ ಬೆಂಚಿನ ಹೆಸರು ನಮ್ಮ ಪೆನ್ನನ್ನು ಎಷ್ಟು ಎಳೆಯುತ್ತವೆ ಎಂಬುದು ಹೀಗೆ ಮಾಡಿ ನೋಡಿದವರಿಗೇ ಗೊತ್ತು.

'ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟೆಲ್ಲ ರಿಯಾಯಿತಿ ಸಿಗುತ್ತದೆಯೇ?' ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕೇಳಬೇಕಾದ ಮಾತೇ. ಆದರೆ ಇದು ರಿಯಾಯಿತಿಯಲ್ಲ. ಭಾಷಾಶುದ್ಧಿಯ ಅಂಕವನ್ನು ಬೇರೆಯಾಗಿ ಬರೆದಾಗಲೇ ಮಗುವಿಗೆ ತಾನು ಎಲ್ಲಿ ಹಿಂದಿದ್ದೇನೆಂದು ತಿಳಿಯುತ್ತದೆ. ಐದಕ್ಕೆ ಒಂದು ಎಂದರೆ ಏನೂ ತಿಳಿಯುವುದಿಲ್ಲ. ಮಗುವಿನ ತಿಳಿವಳಿಕೆಯನ್ನೂ ಅದನ್ನು ಬಳಸುವ ಸಾಮರ್ಥ್ಯವನ್ನೂ ನಿರಂತರವಾಗಿ, ವ್ಯಾಪಕವಾಗಿ ಮೌಲ್ಯಮಾಪನ ಮಾಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವೇ ಹೇಳುತ್ತದೆ. ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆಯ 125 ಅಂಕಗಳಲ್ಲೂ 25 ಆಂತರಿಕ ಮೌಲ್ಯಮಾಪನದವು, ಅಂದರೆ ನಮ್ಮ ಕೈಯಲ್ಲಿರುವವು. ಆ ಕೈ ನೇರವಾಗಿರಬೇಕು.

ಆ ಹುಡುಗನ ಪತ್ರಿಕೆಯನ್ನು ನಾನು ಮತ್ತೆ ಇಸಿದುಕೊಂಡು ತಿದ್ದಿದೆ. ವಿಷಯಕ್ಕೆ ಎರಡು, ನಿರೂಪಣೆಗೆ ಒಂದು, ಶುದ್ಧಿಗೆ ಸೊನ್ನೆ, ಒಟ್ಟು ಮೂರು. ಸೊನ್ನೆಯನ್ನು ಅವನು ತಕರಾರಿಲ್ಲದೆ ಒಪ್ಪಿದ. ಮರುವಾರದಿಂದ ತಪ್ಪಾದ ಪದಗಳನ್ನು ಪಟ್ಟಿ ಮಾಡಿ ತಂದು ತೋರಿಸತೊಡಗಿದ. ಆದರೆ ಆ ವರ್ಷವೂ ದೀಪಾವಳಿಯ ನಂತರ ಅವನ ಮನೆಯವರು ಕಬ್ಬಿಗೆ ಹೊರಟರು. ಪಟ್ಟಿ ಅರ್ಧಕ್ಕೇ ನಿಂತಿತು.

ಪ್ರಶಿಕ್ಷಣಾರ್ಥಿ ಮಿತ್ರರಲ್ಲಿ ನನ್ನ ಕೋರಿಕೆ ಇದು: ಈ ಸಲ ನೀಲನಕ್ಷೆಯನ್ನು ನನ್ನ ಸಹಿಗೆ ತರುವ ಮುನ್ನ ತರಗತಿಯ ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಒಂದೊಂದು ಹೆಸರನ್ನೂ ಓದಿ, 'ಈ ಪ್ರಶ್ನೆಗೆ ಉತ್ತರಿಸಲು ಬೇಕಾದದ್ದನ್ನು ನಾನು ತರಗತಿಯಲ್ಲಿ ಕೊಟ್ಟಿದ್ದೇನೆಯೇ, ಇಲ್ಲವೇ ಅದನ್ನು ಮನೆಯಿಂದ ತರಲಿ ಎಂದು ಬಿಟ್ಟಿದ್ದೇನೆಯೇ?' ಎಂದು ಕೇಳಿಕೊಳ್ಳಿ. ಎರಡನೆಯದಾದರೆ, ಆ ಪ್ರಶ್ನೆಯನ್ನು ಬದಲಿಸಿ.