ವಿಜ್ಞಾನದ ತರಗತಿಯೂ ಪ್ರಶ್ನೆ ಕೇಳುವ ಭಾಷೆಯೂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಶಾಲೆಯ ಇತಿಹಾಸವನ್ನು ಕುರಿತು ಬರೆಯೋಣವೆಂದುಕೊಂಡಿದ್ದೆ. ಆ ಕಾರ್ಯವನ್ನು ನನಗಿಂತ ಸಮರ್ಥರು ಈಗಾಗಲೇ ಮಾಡಿದ್ದಾರೆ. ಮಕ್ಕಳ ವಿಭಾಗಕ್ಕೆ ಬಂದ ಪ್ರಬಂಧಗಳನ್ನು ನೋಡಿಕೊಡುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಅವುಗಳಲ್ಲೊಂದು ನನ್ನನ್ನು ಹಲವು ದಿನ ಬಿಡದೆ ಕಾಡಿತು. ಆದುದರಿಂದ ಅದನ್ನೇ ಹಿಡಿದುಕೊಂಡು ನಾಲ್ಕು ಮಾತು ಬರೆಯುತ್ತಿದ್ದೇನೆ.

ಬರೆದವಳು ಏಳನೆಯ ತರಗತಿಯ ವಿದ್ಯಾರ್ಥಿನಿ. ತಂದೆ ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗದ ಕೆಲಸಗಾರ. ವಿಜ್ಞಾನದ ತರಗತಿಯಿಂದ ತಾನು ಕಲಿತದ್ದೇನು ಎಂಬುದು ಪ್ರಬಂಧದ ವಿಷಯ. ಶಿಕ್ಷಕಿಯರು ಮಳೆಗಾಲದ ಪಂಚಗಂಗೆಯ ಕೆಂಪು ನೀರನ್ನು ಎರಡು ಗ್ಲಾಸುಗಳಲ್ಲಿ ತುಂಬಿ, ಒಂದರಲ್ಲಿ ಪಟಿಕದ ಹರಳನ್ನು (ಇಲ್ಲಿಯ ಅಂಗಡಿಗಳಲ್ಲಿ 'ತುರಟಿ' ಎಂದು ಕೇಳಬೇಕು) ಆಡಿಸಿದರಂತೆ. ಸ್ವಲ್ಪ ಹೊತ್ತಿನಲ್ಲಿ ಕೆಸರು ತಳಕ್ಕಿಳಿದು ನೀರು ತಿಳಿಯಾಯಿತು. 'ಇದನ್ನು ಕುಡಿಯಬಹುದೇ?' ಎಂದು ಕೇಳಿದಾಗ ಇಡೀ ತರಗತಿ 'ಹೌದು' ಎಂದಿತಂತೆ. ಆಗ ಶಿಕ್ಷಕಿಯರು ಕೇಳಿದ ಪ್ರಶ್ನೆ ಒಂದೇ: 'ಹೇಗೆ ಗೊತ್ತು?' ಪಟಿಕ ಕೆಸರನ್ನು ಇಳಿಸುತ್ತದೆ. ಕಣ್ಣಿಗೆ ಕಾಣದ ರೋಗಾಣುಗಳನ್ನು ಕೊಲ್ಲುವುದಕ್ಕೆ ನೀರನ್ನು ಕುದಿಸಲೇಬೇಕು. ಬಾಲಕಿ ಮನೆಗೆ ಹೋಗಿ ಅಜ್ಜಿಯೊಡನೆ ಮಾತು ತೆಗೆದಳು. 2012ರ ಬೇಸಿಗೆಯಲ್ಲಿ ಕುಡಿಯುವ ನೀರಿನ ಮೂಲಕ ಕಾಮಾಲೆ ಹಬ್ಬಿ ಇಚಲಕರಂಜಿಯಲ್ಲಿ ಸಾವಿರಾರು ಜನ ಹಾಸಿಗೆ ಹಿಡಿದುದನ್ನು, ಕೆಲವರು ಪ್ರಾಣವನ್ನೇ ಕಳೆದುಕೊಂಡುದನ್ನು ಅಜ್ಜಿ ಹೇಳಿದಳು. ಅಂದಿನಿಂದ ಆ ಮನೆಯಲ್ಲಿ ನೀರು ಕುದಿಸಿ ಆರಿಸುತ್ತಾರೆ. ಪ್ರಬಂಧದ ಕೊನೆಯಲ್ಲಿ ಅವಳು, ಯಾರು ಏನು ಹೇಳಿದರೂ 'ಹೇಗೆ ಗೊತ್ತು?' ಎಂದು ಕೇಳುವುದನ್ನು ವಿಜ್ಞಾನದ ತರಗತಿ ತನಗೆ ಕಲಿಸಿತೆಂದೂ, ಅಜ್ಜಿಗೆ ಮಾತ್ರ ಇದು ಅಷ್ಟೊಂದು ಹಿಡಿಸುವುದಿಲ್ಲವೆಂದೂ ಬರೆದಿದ್ದಾಳೆ. ಕಾಗುಣಿತದ ಒಂದೆರಡು ತಪ್ಪುಗಳನ್ನು ತಿದ್ದಿದುದನ್ನು ಬಿಟ್ಟರೆ ಆ ಪ್ರಬಂಧಕ್ಕೆ ನಾನು ಕೈ ಹಚ್ಚಲಿಲ್ಲ.

ಇದೇ ವರ್ಷ ನಮ್ಮ ಶಾಲೆಯ ಪಾಲಕರ ಸಭೆಯಲ್ಲಿ ಒಂದು ಸೂಚನೆ ಬಂದಿದೆ. ಉಳಿದ ವಿಷಯಗಳು ಕನ್ನಡದಲ್ಲಿಯೇ ಇರಲಿ, ವಿಜ್ಞಾನ ಮತ್ತು ಗಣಿತಗಳನ್ನು ಐದನೆಯ ತರಗತಿಯಿಂದ ಇಂಗ್ಲಿಷಿನಲ್ಲಿ ಕಲಿಸಬೇಕೆಂಬುದೇ ಆ ಸೂಚನೆ. ಮಹಾರಾಷ್ಟ್ರದಲ್ಲಿ 'ಸೆಮಿ ಇಂಗ್ಲಿಷ್' ಎಂದು ಕರೆಯುವ ಈ ಪದ್ಧತಿಯನ್ನು ಅನೇಕ ಮರಾಠಿ ಶಾಲೆಗಳು ಸ್ವೀಕರಿಸಿವೆ. ಪಾಲಕರ ಚಿಂತೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಂದೆ ಕಾಲೇಜಿನಲ್ಲಿ ವಿಜ್ಞಾನವಿರುವುದು ಇಂಗ್ಲಿಷಿನಲ್ಲಿ. ನಮ್ಮ ಮಕ್ಕಳು ಅಲ್ಲಿ ಮೂಕರಾಗಬಾರದೆಂದು ತಂದೆತಾಯಿಗಳು ಬಯಸುವುದು ಸಹಜವೇ. ಆದರೂ ಏಳನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿಯೇ ಕಲಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಭಾಷಾಭಿಮಾನವೊಂದೇ ಕಾರಣವಲ್ಲ. ಪ್ರಶ್ನೆ ಹುಟ್ಟುವುದು ಮನೆಯ ಭಾಷೆಯಲ್ಲಿ ಎಂಬ ಅನುಭವವೇ ಮುಖ್ಯ ಕಾರಣ.

ನಾನು ಹುಟ್ಟಿದ್ದು ಗಡಹಿಂಗ್ಲಜ ತಾಲೂಕಿನ, ಹಿರಣ್ಯಕೇಶಿ ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಮ್ಯಾಟ್ರಿಕ್ ಮುಗಿಸಿ ಶಿಕ್ಷಕರ ತರಬೇತಿ ಪಡೆದವನು. 1960ರ ದಶಕದ ನಮ್ಮ ಶಾಲೆಯಲ್ಲಿ ಪ್ರಯೋಗಶಾಲೆಯೆಂಬುದು ಇರಲಿಲ್ಲ. ನಮ್ಮ ಗುರುಗಳು ಒಂದು ಡಬ್ಬಿಯನ್ನು ಅಂಗಳದಲ್ಲಿಟ್ಟು, ಪಟ್ಟಿಯಿಂದ ಮಳೆಯನ್ನು ಅಳೆದು, ಪ್ರತಿದಿನ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯಿಸುತ್ತಿದ್ದರು. ಸಹ್ಯಾದ್ರಿಯ ಮೇಲಿರುವ ಗಗನಬಾವಡಾದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದೇ ಜಿಲ್ಲೆಯ ಪೂರ್ವದ ತುದಿಯಲ್ಲಿರುವ ಶಿರೋಳದಲ್ಲಿ ಅದರ ಹತ್ತರಲ್ಲೊಂದು ಪಾಲಿನಷ್ಟೇ. ಕಡಲಿನಿಂದ ಬಂದ ಮೋಡ ಘಟ್ಟವನ್ನು ಏರುತ್ತ ತಣ್ಣಗಾಗಿ ಅಲ್ಲಿಯೇ ನೀರು ಸುರಿಸುತ್ತದೆ, ಘಟ್ಟ ಇಳಿಯುವಾಗ ಬರಿದಾಗಿರುತ್ತದೆ. 'ಮಳೆಯ ನೆರಳು' ಎಂಬ ಮಾತನ್ನು ಗುರುಗಳು ಹೇಳಿದಾಗ ನಮಗೆ ಬೇರೆ ವಿವರಣೆಯೇ ಬೇಕಾಗಲಿಲ್ಲ. ಮರದ ನೆರಳನ್ನು ಕಂಡ ಹುಡುಗನಿಗೆ ಮಳೆಯ ನೆರಳೂ ಕಣ್ಣಿಗೆ ಕಟ್ಟುತ್ತದೆ. ಅದೇ ಪಾಠವನ್ನು ಗುರುತಿಲ್ಲದ ಭಾಷೆಯಲ್ಲಿ ಬಾಯಿಪಾಠ ಮಾಡಿದ್ದರೆ ಪರೀಕ್ಷೆಯಲ್ಲಿ ಗುಣಗಳು ಬರುತ್ತಿದ್ದವು. ಆಕಾಶವನ್ನು ನೋಡುವ ಅಭ್ಯಾಸ ಬರುತ್ತಿರಲಿಲ್ಲ.

ಮುಂದೆ ನಾನು ಈ ಶಾಲೆಯಲ್ಲಿ ಶಿಕ್ಷಕನಾದ ಮೇಲೆ ಕಲಿಸಿದುದಕ್ಕಿಂತ ಮಕ್ಕಳಿಂದ ಕಲಿತದ್ದೇ ಹೆಚ್ಚು. ಮಗ್ಗದ ಕೆಲಸಕ್ಕೆಂದು ರಬಕವಿ-ಬನಹಟ್ಟಿಯ ಕಡೆಯಿಂದ ಬಂದ ಕುಟುಂಬದ ಹುಡುಗನೊಬ್ಬ ಒಂದು ದಿನ ಎದ್ದು ನಿಂತು, 'ಗುರೂಜಿ, ಬ್ಯಾಸಗ್ಯಾಗ ಎಳಿ ಭಾಳ ಹರೀತಾವ ಅಂತ ನಮ್ಮಪ್ಪ ಅಂತಾನ್ರಿ. ಯಾಕ್ರಿ?' ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. 'ನಿಮ್ಮಪ್ಪ ಅದಕ್ಕೇನು ಮಾಡುತ್ತಾನೆ, ಕೇಳಿಕೊಂಡು ಬಾ' ಎಂದೆ. ಮರುದಿನ ಅವನು, ನೆಲಕ್ಕೆ ನೀರು ಹೊಡೆಯುತ್ತಾರೆಂದು ಹೇಳಿದ. ಆಮೇಲೆ ಪುಸ್ತಕಗಳನ್ನು ಹುಡುಕಿ ತಿಳಿದುಕೊಂಡೆ. ಹತ್ತಿಯ ಎಳೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವವಿದ್ದಾಗ ಅದರ ಬಲ ಹೆಚ್ಚು, ಒಣಗಿದಾಗ ಕಡಿಮೆ. ತಂದೆಯ ಕೈಗೆ ಗೊತ್ತಿದ್ದ ಜ್ಞಾನವೂ ಶಾಲೆಯ ಪುಸ್ತಕದ ಜ್ಞಾನವೂ ಅಂದು ಒಂದೇ ಬೆಂಚಿನ ಮೇಲೆ ಕೂತವು. ತರಗತಿಯ ಭಾಷೆ ಬೇರೆಯಾಗಿದ್ದರೆ ಆ ಹುಡುಗ ಕೇಳುತ್ತಿದ್ದನೇ? ಕೇಳಿದ್ದರೂ ಉತ್ತರವನ್ನು ಮನೆಗೆ ಒಯ್ದು ತಂದೆಗೆ ಹೇಳಲು ಸಾಧ್ಯವಾಗುತ್ತಿತ್ತೇ?

ಕೊಲ್ಲಾಪುರದ ಮಹಾಲಕ್ಷ್ಮಿಯ ಕಿರಣೋತ್ಸವವನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ನವೆಂಬರ್ 9, 10, 11ರಂದು ಹಾಗೂ ಜನವರಿ 31, ಫೆಬ್ರುವರಿ 1, 2ರಂದು ಅಸ್ತಮಿಸುವ ಸೂರ್ಯನ ಕಿರಣಗಳು ಗರ್ಭಗುಡಿಯನ್ನು ಪ್ರವೇಶಿಸಿ ದೇವಿಯನ್ನು ಮುಟ್ಟುವ ದಿನಗಳೆಂದು ಪ್ರಸಿದ್ಧಿ. ವರ್ಷದಲ್ಲಿ ಎರಡೇ ಸಲ ಏಕೆ, ಅದೂ ಈ ದಿನಗಳಲ್ಲೇ ಏಕೆ ಎಂದು ಮಕ್ಕಳನ್ನು ಕೇಳುತ್ತಿದ್ದೆ. ದಕ್ಷಿಣದ ಕೊನೆಯನ್ನು ಸೂರ್ಯ ಮುಟ್ಟುವ ಡಿಸೆಂಬರ್ 22ರ ಸುಮಾರಿನಿಂದ ಹಿಂದಕ್ಕೆ ಎಣಿಸಿದರೆ ನವೆಂಬರ್ 10ಕ್ಕೆ ಸುಮಾರು 42 ದಿನ. ಮುಂದಕ್ಕೆ ಎಣಿಸಿದರೆ ಫೆಬ್ರುವರಿ 1ಕ್ಕೂ ಹೆಚ್ಚುಕಡಿಮೆ ಅಷ್ಟೇ. ಹೋಗುವಾಗಲೂ ಬರುವಾಗಲೂ ಸೂರ್ಯ ಅದೇ ದಿಕ್ಕಿನಲ್ಲಿ ಮುಳುಗುತ್ತಾನೆ. ದಿನಗಳನ್ನು ಬೆರಳಿನಿಂದ ಎಣಿಸಿ ಇದನ್ನು ಕಂಡುಕೊಂಡ ಮಕ್ಕಳ ಭಕ್ತಿ ಕುಗ್ಗಲಿಲ್ಲ. ದೇವಾಲಯವನ್ನು ಕಟ್ಟಿದ ಹಿರಿಯರ ಲೆಕ್ಕದ ಮೇಲಿನ ಗೌರವ ಮಾತ್ರ ಹೆಚ್ಚಿತು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಆತ್ಮಪ್ರಶಂಸೆಯಾದೀತು. ಕನ್ನಡ ಮಾಧ್ಯಮವೆಂದ ಮಾತ್ರಕ್ಕೆ ವಿಜ್ಞಾನ ತಾನಾಗಿ ಬಂದುಬಿಡುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ತಾಟಿನಲ್ಲಿ ನೀರು ಹಾಕಿ, ಉರಿಯುವ ಮೇಣದ ಬತ್ತಿಯ ಮೇಲೆ ಗಾಜಿನ ಗ್ಲಾಸನ್ನು ಕವುಚಿದರೆ, ಬತ್ತಿ ಆರಿ ನೀರು ಒಳಗೆ ಏರುವ ಪ್ರಯೋಗವನ್ನು ನಾವೆಲ್ಲರೂ ಮಾಡಿದ್ದೇವೆ. ಗಾಳಿಯ ಐದನೆಯ ಒಂದು ಭಾಗ ಆಮ್ಲಜನಕ. ಅದು ಉರಿದು ಹೋದುದರಿಂದ ಆ ಜಾಗಕ್ಕೆ ನೀರು ಏರಿತೆಂದು ಅನೇಕ ವರ್ಷ ಕಲಿಸಿದೆ. 1980ರ ದಶಕದ ಕೊನೆಯಲ್ಲಿ ಒಬ್ಬ ಹುಡುಗ, ಆಮ್ಲಜನಕ ಉರಿಯುವಾಗಲೇ ಖರ್ಚಾಗುವುದಾದರೆ ನೀರು ಆಗಲೇ ಏರಬೇಕಲ್ಲ, ಬತ್ತಿ ಆರಿದ ಮೇಲೆ ಏಕೆ ಒಮ್ಮೆಲೇ ಏರುತ್ತದೆ ಎಂದು ಕೇಳಿದ. ನಾನು, 'ಹೆಚ್ಚಿನ ಜಾಣತನ ಬೇಡ, ಕೂತುಕೋ' ಎಂದೆ. ಅವನು ಕೂತ. ಆಮೇಲೆ ಆ ವರ್ಷವಿಡೀ ಅವನು ಪ್ರಶ್ನೆ ಕೇಳಿದ ನೆನಪು ನನಗಿಲ್ಲ. ಏಳನೆಯ ತರಗತಿ ಮುಗಿದ ಮೇಲೆ ಮಗ್ಗದ ಕೆಲಸಕ್ಕೆ ಹೋದನೆಂದು ಕೇಳಿದೆ.

ಕೆಲವು ವರ್ಷಗಳ ನಂತರ, ಮಳೆಗಾಲದ ಒಂದು ರಾತ್ರಿ ವಿದ್ಯುತ್ ಹೋದಾಗ ಮನೆಯಲ್ಲಿ ಮಗಳಿಗೆ ಅದೇ ಪ್ರಯೋಗವನ್ನು ತೋರಿಸಿದೆ. ಅವಳು ಆಟಕ್ಕೆಂದು ಒಂದರ ಬದಲು ಮೂರು ಬತ್ತಿ ಹಚ್ಚಿದಳು. ನೀರು ಮೊದಲಿಗಿಂತ ಎತ್ತರಕ್ಕೆ ಏರಿತು. ಗ್ಲಾಸು ಅದೇ, ಅದರೊಳಗಿನ ಆಮ್ಲಜನಕದ ಪಾಲೂ ಅದೇ. ಬತ್ತಿ ಹೆಚ್ಚಿದರೆ ನೀರು ಏಕೆ ಹೆಚ್ಚಬೇಕು? ಆಗ ನನಗೆ ಆ ಹುಡುಗ ನೆನಪಾದ. ನಿಜ ಸಂಗತಿಯೆಂದರೆ, ಜ್ವಾಲೆಯ ಶಾಖದಿಂದ ಒಳಗಿನ ಗಾಳಿ ಹಿಗ್ಗಿ ಸ್ವಲ್ಪ ಭಾಗ ಹೊರಬೀಳುತ್ತದೆ. ಬತ್ತಿ ಆರಿದೊಡನೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ. ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ. ಆಮ್ಲಜನಕವೆಲ್ಲ ಮುಗಿಯುವ ಮೊದಲೇ ಜ್ವಾಲೆ ಆರುತ್ತದೆ. ಖರ್ಚಾದ ಆಮ್ಲಜನಕದ ಜಾಗದಲ್ಲಿ ಇಂಗಾಲದ ಡೈಆಕ್ಸೈಡೂ ನೀರಾವಿಯೂ ಬಂದಿರುತ್ತವೆ. ಹುಡುಗ ಸರಿಯಾಗಿ ನೋಡಿದ್ದ, ಗುರು ನೋಡಿರಲಿಲ್ಲ. ಮುಂದಿನ ತಂಡಗಳಿಗೆ ಪಾಠವನ್ನು ತಿದ್ದಿ ಕಲಿಸಿದೆ. ಆದರೆ ಅವನಿಗೆ ಹೇಳುವ ಅವಕಾಶ ದೊರೆಯಲಿಲ್ಲ. ಈ ಸಂಚಿಕೆ ಅವನ ಕೈಗೆ ಬಂದರೆ, ಅಂದು ಸರಿಯಾಗಿದ್ದವನು ತಾನೇ ಎಂಬುದನ್ನು ಅವನು ತಿಳಿಯಲಿ.

ಇದರಿಂದ ನಾನು ಕಲಿತ ಪಾಠವಿಷ್ಟು. ತಾಯಿನುಡಿ ಮಗುವಿನ ಬಾಯಿ ತೆರೆಸುತ್ತದೆ. ತೆರೆದ ಬಾಯಿಯನ್ನು ಮುಚ್ಚಿಸದಿರುವುದು ಗುರುವಿನ ಧರ್ಮ. ಇವೆರಡರಲ್ಲಿ ಒಂದಿಲ್ಲದಿದ್ದರೂ ವಿಜ್ಞಾನ ಬೆಳೆಯದು. ಸೆಮಿ ಇಂಗ್ಲಿಷ್ ಬಂದರೆ ನನ್ನಂಥ ಶಿಕ್ಷಕರಿಗೆ ಇನ್ನೊಂದು ನೆಪ ಸಿಕ್ಕಂತಾದೀತು. ಮಗುವಿಗೆ ಪ್ರಶ್ನೆ ಕೇಳಲು ಬರುವುದಿಲ್ಲ, ಶಿಕ್ಷಕನಿಗೆ ಉತ್ತರಿಸಲು ಬರುವುದಿಲ್ಲ. ಇಬ್ಬರೂ ಪುಸ್ತಕದ ವಾಕ್ಯವನ್ನೇ ಗಟ್ಟಿಯಾಗಿ ಓದಿ ಸುಮ್ಮನಾಗುವರು.

ಕನ್ನಡದಲ್ಲಿ ವಿಜ್ಞಾನಕ್ಕೆ ಬಡತನವಿದೆಯೆನ್ನುವವರು ಇತಿಹಾಸವನ್ನು ನೋಡಬೇಕು. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಷ್ಟು ಹಿಂದೆಯೇ 'ವಿಜ್ಞಾನ' ಎಂಬ ಮಾಸಪತ್ರಿಕೆಯ ಸಂಪಾದಕತ್ವ ವಹಿಸಿದ್ದರು. ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನು ರಚಿಸಿದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಇನ್ನು ನಮ್ಮ ನೆರೆಯ ಉದಾಹರಣೆಯನ್ನೇ ನೋಡೋಣ. 1938ರಲ್ಲಿ ಕೊಲ್ಲಾಪುರದಲ್ಲಿ ಜನಿಸಿ, ಖಗೋಲ ವಿಜ್ಞಾನದಲ್ಲಿ ಲೋಕಪ್ರಸಿದ್ಧರಾಗಿ, 2025ರಲ್ಲಿ ನಮ್ಮನ್ನಗಲಿದ ಜಯಂತ ನಾರಳೀಕರರು ಮರಾಠಿಯಲ್ಲಿ ಜನಸಾಮಾನ್ಯರಿಗೂ ಮಕ್ಕಳಿಗೂ ಧಾರಾಳವಾಗಿ ಬರೆದರು. ತಾಯಿನುಡಿಯಲ್ಲಿ ಬರೆದುದರಿಂದ ಅವರ ವಿಜ್ಞಾನವೇನೂ ಚಿಕ್ಕದಾಗಲಿಲ್ಲ.

ಪಾರಿಭಾಷಿಕ ಶಬ್ದಗಳ ತೊಡಕು ನಿಜ. ದ್ಯುತಿಸಂಶ್ಲೇಷಣೆಯೆಂಬ ಶಬ್ದ ಮಗುವಿಗೆ ಇಂಗ್ಲಿಷಿನಷ್ಟೇ ಕಠಿಣ. ಗಡಿಭಾಗದ ನಮಗೆ ಇನ್ನೊಂದು ತೊಡಕೂ ಉಂಟು. ಕೆಲಸ ಮಾಡುವ ಸಾಮರ್ಥ್ಯವನ್ನು ಕರ್ನಾಟಕದ ಪಠ್ಯಗಳು 'ಶಕ್ತಿ' ಎನ್ನುತ್ತವೆ, ಮರಾಠಿಯಲ್ಲಿ ಅದು 'ಊರ್ಜಾ'. ಮರಾಠಿಯಲ್ಲಿ 'ಶಕ್ತಿ' ಎಂದರೆ ಕೆಲಸ ಮಾಡುವ ದರ. ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳು ಇಲ್ಲಿ ಗೊಂದಲಕ್ಕೀಡಾಗುತ್ತಾರೆ. ಆದರೆ ಶಬ್ದ ಬೇರೆ, ವಸ್ತು ಬೇರೆ ಎಂಬ ತಿಳಿವಳಿಕೆಯೂ ಅವರಿಗೆ ಬೇಗನೆ ಬರುತ್ತದೆ. ಶಬ್ದ ಪರಕೀಯವಾಗಿದ್ದರೂ ಸಾಗುತ್ತದೆ; ಅದನ್ನು ವಿವರಿಸುವ ಮಾತು ಪರಕೀಯವಾಗಬಾರದು.

ಆದುದರಿಂದ ಆಡಳಿತ ಮಂಡಳಿಗೂ ಪಾಲಕರಿಗೂ ನನ್ನ ನಮ್ರ ಸೂಚನೆಗಳು ಮೂರು. ಏಳನೆಯ ತರಗತಿಯವರೆಗೆ ವಿಜ್ಞಾನ ಗಣಿತಗಳು ಕನ್ನಡದಲ್ಲಿಯೇ ಇರಲಿ. ಪುಣೆಯ ಬಾಲಭಾರತಿ ಕನ್ನಡ ಪಠ್ಯಪುಸ್ತಕಗಳನ್ನು ಮುದ್ರಿಸುತ್ತಿದೆ. ಸಾಧ್ಯವಿದ್ದಲ್ಲೆಲ್ಲ ಐದನೆಯ ತರಗತಿಯವರೆಗಾದರೂ, ಆದರೆ ಎಂಟನೆಯವರೆಗೂ, ಮನೆಯ ಭಾಷೆಯಲ್ಲಿ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಎರಡನೆಯದಾಗಿ, ಐದನೆಯ ತರಗತಿಯಿಂದ ಪ್ರತಿ ಪಾಠದ ಕೊನೆಗೆ ಮುಖ್ಯ ಶಬ್ದಗಳ ಇಂಗ್ಲಿಷ್ ಮತ್ತು ಮರಾಠಿ ರೂಪಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ವಹಿಯಲ್ಲಿ ಇಳಿಸಿಕೊಳ್ಳಿಸಬೇಕು, ಇಂಗ್ಲಿಷ್ ಭಾಷೆಯನ್ನು ಇಂಗ್ಲಿಷಿನ ತಾಸಿನಲ್ಲಿ ಇನ್ನಷ್ಟು ಚೆನ್ನಾಗಿ ಕಲಿಸಬೇಕು. ಕಾಲೇಜಿನ ಭಯಕ್ಕೆ ಇದೇ ಮದ್ದು. ಮೂರನೆಯದಾಗಿ, ಮಹೋತ್ಸವದ ನಿಧಿಯಲ್ಲಿ ಕಮಾನಿಗೆ ತೆಗೆದಿರಿಸಿದ ಹಣದ ಒಂದು ಭಾಗದಿಂದ ಗ್ಲಾಸು, ಬತ್ತಿ, ಭೂತಗನ್ನಡಿ, ಉಷ್ಣತಾಮಾಪಕ, ಮಳೆಮಾಪಕಗಳಿರುವ ಒಂದು ಕಪಾಟನ್ನು ಮಾಡಿಸಬೇಕು. ಅದರ ಬೀಗದ ಕೈ ಮುಖ್ಯಾಧ್ಯಾಪಕರ ಕಿಸೆಯಲ್ಲಿರದೆ ಮಕ್ಕಳ ಕೈಗೆ ಸಿಗುವಂತಿರಬೇಕು.

ಐವತ್ತು ವರ್ಷ ಗಡಿಯಾಚೆ ಕನ್ನಡದ ದೀಪವನ್ನು ಉರಿಸಿದ ಹಿರಿಯರಿಗೆ ನನ್ನ ನಮನಗಳು. ಶಾಲೆ ಶತಮಾನೋತ್ಸವವನ್ನು ಕಾಣಲಿ. ಅಂದಿನ ಸಂಚಿಕೆಯಲ್ಲಿಯೂ ಏಳನೆಯ ತರಗತಿಯ ಒಂದು ಮಗು, ಅಜ್ಜಿಗೆ ಹಿಡಿಸದಿದ್ದರೂ ಸರಿ, 'ಹೇಗೆ ಗೊತ್ತು?' ಎಂದು ಕನ್ನಡದಲ್ಲಿ ಕೇಳಲಿ.