ನೆಲ ನಡುಗಿದ ಲೆಕ್ಕ ಗಡಿ ಈಚೆಗೂ ಬರಲಿ

2021ರ ಡಿಸೆಂಬರ್ 22ರಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಎರಡು ಸಲ ನೆಲ ನಡುಗಿತು. ಎರಡೂ ರಿಕ್ಟರ್ ಮಾಪಕದಲ್ಲಿ 3ರ ಆಸುಪಾಸು. ಇಂಥ ಸದ್ದು ಬಂದಾಗಲೆಲ್ಲ ಊರಿನಲ್ಲಿ ಎರಡು ಪಕ್ಷ ಆಗುತ್ತವೆ. ಕ್ವಾರಿಯವರು ಮದ್ದು ಸಿಡಿಸಿದ್ರು ಅಂತ ಒಂದು, ಭೂಕಂಪ ಅಂತ ಇನ್ನೊಂದು. ಬೆಳುಗುಪ್ಪ, ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಮನೆಗಳಿಗೆ ಇದನ್ನು ಬಿಡಿಸಿ ಹೇಳುವವರು ಯಾರು? ಕರ್ನಾಟಕದ ವಿಪತ್ತು ಕೇಂದ್ರದ ಪ್ರಕಟಣೆ ಆಚೆಗೇ ನಿಲ್ಲುತ್ತದೆ. ಈಚೆ ಏನಾದರೂ ಬಂದರೆ ತೆಲುಗಿನಲ್ಲಿ ಬರುತ್ತದೆ, ಅದೂ ಬಂದರೆ.

ಗಣಿಯ ನಡುಕವನ್ನು ಅಳೆಯುವ ವಿದ್ಯೆ ನಮಗೆ ಹೊಸದೇನಲ್ಲ. ಜರ್ಮನಿಯ ರೂರ್ ಕಲ್ಲಿದ್ದಲು ಪ್ರದೇಶದ ಬೋಖುಮ್‌ನಲ್ಲಿ 1908ರಲ್ಲಿ ಇದಕ್ಕೆಂದೇ ಕೇಂದ್ರ ಶುರುವಾಯಿತು. ನಾಲ್ಕೇ ವರ್ಷಕ್ಕೆ, 1912ರಲ್ಲಿ, ನಮ್ಮ ಕೋಲಾರ ಚಿನ್ನದ ಗಣಿಯಲ್ಲೂ ಭೂಕಂಪ ಮಾಪಕ ಕೂತಿತು. ಅಲ್ಲಿ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಕೆಳಗೆ ಇಳಿದಿತ್ತು. ಅಷ್ಟು ಆಳದಲ್ಲಿ ಅದಿರು ತೆಗೆದಷ್ಟೂ ಮೇಲಿನ ಭಾರ ಉಳಿದ ಬಂಡೆಯ ಮೇಲೆ ಬೀಳುತ್ತದೆ. ತಡೆಯಲಾರದೆ ಬಂಡೆ ಒಮ್ಮೆಲೇ ಸಿಡಿಯುತ್ತದೆ. ಇದನ್ನೇ ರಾಕ್ ಬರ್ಸ್ಟ್ ಅನ್ನೋದು. ಒಳಗೆ ಕೆಲಸಗಾರರು ಸತ್ತರು, ಮೇಲೆ ಮನೆಗಳ ಗೋಡೆ ಬಿರಿದವು. 1978ರಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಗಣಿಯ ಒಳಗೂ ಹೊರಗೂ ಜಿಯೋಫೋನ್‌ಗಳ ಜಾಲ ಹಾಕಿದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ.

ಹಿಂದೂಪುರದ ಪಕ್ಕದ ಗೌರಿಬಿದನೂರಿನಲ್ಲಿ 1965ರಿಂದ ಒಂದು ಭೂಕಂಪ ಕೇಂದ್ರ ಇದೆ. ಪರದೇಶಗಳ ಅಣು ಪರೀಕ್ಷೆಗೆ ಕಿವಿ ಕೊಡಲು ಹಾಕಿದ್ದು. ನೂರು ಕಿ.ಮೀ.ಗೂ ದೂರದ ಕೆಜಿಎಫ್‌ನ ಬಂಡೆ ಸಿಡಿತ ಅಲ್ಲೂ ದಾಖಲಾಗಿದೆ. ಮಡಕಶಿರಾದ ಎಷ್ಟು ಜನಕ್ಕೆ ಈ ಕೇಂದ್ರ ಅಲ್ಲೇನು ಮಾಡುತ್ತೆ ಅಂತ ಗೊತ್ತು?

ಯಂತ್ರ ಕೆಲಸ ಮಾಡುವ ರೀತಿ ಕಷ್ಟವೇನಲ್ಲ. ಮಿಂಚು ಮೊದಲು, ಗುಡುಗು ಆಮೇಲೆ ಅಲ್ಲವೇ? ಹಾಗೆಯೇ ನಡುಕದಲ್ಲೂ ಒಂದು ಅಲೆ ಬೇಗ ಬರುತ್ತದೆ, ಇನ್ನೊಂದು ತಡವಾಗಿ. ನಡುವಿನ ಒಂದೊಂದು ಸೆಕೆಂಡಿಗೂ ಸುಮಾರು 8 ಕಿ.ಮೀ. ದೂರದ ಲೆಕ್ಕ. ಮೂರು ಕಡೆಯ ಲೆಕ್ಕ ಸೇರಿದರೆ ಜಾಗ ಸಿಕ್ಕಿಬೀಳುತ್ತದೆ. ಮದ್ದು ಸಿಡಿದರೆ ನೆಲ ಮೊದಲು ಎಲ್ಲ ಕಡೆಗೂ ಹೊರಕ್ಕೆ ತಳ್ಳುತ್ತದೆ, ಗಣಿಯ ಛಾವಣಿ ಕುಸಿದರೆ ಒಳಕ್ಕೆ ಎಳೆಯುತ್ತದೆ. ಅಂದರೆ ಊರಿನ ಜಗಳ ಕಾಗದದ ಮೇಲೆ ತೀರುವಂಥದ್ದು.

ಕಲ್ಲಿದ್ದಲಿನಲ್ಲಿ ಇದು ಜೀವದ ಪ್ರಶ್ನೆ. ಲಾಂಗ್‌ವಾಲ್ ಗಣಿಯಲ್ಲಿ ಇದ್ದಲು ಕೊಯ್ದ ಮೇಲೆ ಹಿಂದಿನ ಛಾವಣಿಯನ್ನು ಬೀಳಲು ಬಿಡುತ್ತಾರೆ. ಅದು ಬೀಳದೆ ನೇತಾಡಿ ಒಮ್ಮೆಗೇ ಕುಸಿದರೆ ಕಬ್ಬಿಣದ ಆಧಾರಗಳೂ ಜಜ್ಜಿಹೋಗುತ್ತವೆ, ನುಗ್ಗುವ ಗಾಳಿಯೇ ಆಳನ್ನು ಕೊಲ್ಲಬಹುದು. ಬೀಳುವ ಮುಂಚೆ ಬಂಡೆ ಸಣ್ಣಗೆ ಬಿರಿಯುತ್ತಾ ಬರುತ್ತದೆ. ಆ ಬಿರುಕಿನ ಸದ್ದು ಹಿಡಿಯುವ ಕೆಲಸವನ್ನು ಕೋಲಾರದಲ್ಲಿ ಪಳಗಿದ ಅದೇ ಸಂಸ್ಥೆ ಮಧ್ಯಪ್ರದೇಶದ ರಾಜೇಂದ್ರ ಕಲ್ಲಿದ್ದಲು ಗಣಿಯಲ್ಲಿ ಮಾಡಿದೆ.

ಆದರೆ ಗಣಿ ಮುಚ್ಚಿದ ಮೇಲೆ? 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಬಾಗಿಲು ಹಾಕಿತು, ಒಳಗೆ ನೀರು ತುಂಬಿತು. ಫ್ರಾನ್ಸಿನ ಗಾರ್ಡಾನ್ ಕಲ್ಲಿದ್ದಲು ಗಣಿ 2003ರಲ್ಲಿ ಮುಚ್ಚಿತ್ತು. ನೀರು ಏರಿದ ಮೇಲೆ ಅಲ್ಲಿ ನೆಲ ಮತ್ತೆ ನಡುಗಿತು, ಅಲ್ಲಿನವರು ಯಂತ್ರ ಇಟ್ಟು ಕಾಯುತ್ತಾ ಬಂದರು. ನೀರಿಗೂ ನೆಲಕ್ಕೂ ಇರುವ ನಂಟು ಮರಾಠಿ ಸೀಮೆಯ ನಂಟಸ್ತಿಕೆ ಇರುವವರಿಗೆ ಹೇಳಬೇಕಿಲ್ಲ, 1967ರ ಕೋಯ್ನಾ ಅವರ ಹಿರಿಯರು ಕಂಡದ್ದೇ. ಈಚೆಯ ರಾಮಗಿರಿಯಲ್ಲೂ ಭಾರತ್ ಗೋಲ್ಡ್ ಮೈನ್ಸ್ ಚಿನ್ನ ತೆಗೆದಿತ್ತು. ಚಿನ್ನದ ಲೆಕ್ಕ ಬರೆದಿಟ್ಟಷ್ಟು ಶ್ರದ್ಧೆಯಿಂದ ಖಾಲಿ ಸುರಂಗದ ಲೆಕ್ಕವನ್ನೂ ಊರಿಗೆ ಕೊಡಬೇಕು ಅನ್ನೋದು ಅತಿ ಆಸೆಯಲ್ಲ.

ನಾವು ಕೇಳುವುದು ದೊಡ್ಡದಲ್ಲ. ದೆಹಲಿಯ ರಾಷ್ಟ್ರೀಯ ಭೂಕಂಪ ಕೇಂದ್ರ ಸಮಯ, ಜಾಗ, ಆಳ, ತೀವ್ರತೆ ಪ್ರಕಟಿಸುತ್ತದೆ. ಗಡಿ ಮಂಡಲಗಳ ತಹಸೀಲ್ದಾರ್ ಕಚೇರಿಗಳು ಅದನ್ನು ತೆಲುಗು, ಕನ್ನಡ ಎರಡರಲ್ಲೂ ಅಂಟಿಸಲಿ. ಗಣಿ ಸುರಕ್ಷತಾ ನಿರ್ದೇಶನಾಲಯದ 1997ರ ಸುತ್ತೋಲೆ ಪ್ರಕಾರ ಸ್ಫೋಟದ ಕಂಪನ ಹೊರಗಿನವರ ವಾಸದ ಮನೆಯ ಹತ್ತಿರ, ಕಂಪನದ ಆವರ್ತನ ನೋಡಿಕೊಂಡು, ಸೆಕೆಂಡಿಗೆ 5ರಿಂದ 15 ಮಿ.ಮೀ. ಮೀರಬಾರದು. ಗೋಡೆ ಬಿರಿದವರಿಗೆ ಕ್ವಾರಿಯ ಅಳತೆ ಕೇಳಿದ ಕೂಡಲೇ ಕೈಗೆ ಸಿಗಬೇಕು.

ಓದುಗರು ಕೂಡ ಒಂದು ಕೆಲಸ ಮಾಡಬಹುದು. ನಡುಕ ಬಂದಾಗ ಮೊಬೈಲ್ ನೋಡಿ ಗಂಟೆ, ನಿಮಿಷ, ಆದರೆ ಸೆಕೆಂಡು ಕೂಡ ಬರೆದಿಡಿ. ಸಮಯ ಇಲ್ಲದ ದೂರನ್ನು ಯಂತ್ರದ ದಾಖಲೆಗೆ ಹೊಂದಿಸಿ ನೋಡಲು ಯಾವ ವಿಜ್ಞಾನಿಗೂ ಆಗೋದಿಲ್ಲ.