ಯಾರ ಲೆಕ್ಕಕ್ಕೂ ಸೇರದ ಕೆಮ್ಮು

ಸಿಂಗಾನಲ್ಲೂರು ಎಂದೊಡನೆ ಕನ್ನಡಿಗರಿಗೆ ರಾಜ್‌ಕುಮಾರರ ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಅವರ ಹೆಸರಿನೊಂದಿಗಿರುವ ಕೊಳ್ಳೇಗಾಲದ ಕಡೆಯ ಊರನ್ನಲ್ಲ, ಕೊಯಮತ್ತೂರಿನ ಸಿಂಗಾನಲ್ಲೂರನ್ನು. 1930ರ ದಶಕದಲ್ಲಿ ಪೈಕಾರದ ವಿದ್ಯುತ್ತು ಬಂದ ಮೇಲೆ ಈ ಸುತ್ತಿನಲ್ಲಿ ನೂಲಿನ ಗಿರಣಿಗಳು ಬೆಳೆದವು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗದವರ ಸಂಸಾರಗಳು ಈ ಸೀಮೆಯಲ್ಲಿವೆ. ನೂಲು ನಮಗೆ ಅನ್ನ ಕೊಟ್ಟಿತು, ನಿಜ. ಪ್ರತಿಯಾಗಿ ಏನನ್ನು ಕಸಿದುಕೊಂಡಿತು ಎಂದು ಕೇಳಿದರೆ ಮಾತ್ರ ನಮ್ಮವರಿಗೇ ಸಿಟ್ಟು ಬರುತ್ತದೆ.

ಸಿಟ್ಟು ಬರಲಿ. ನಾನು ಕೇಳಿಯೇ ತೀರುತ್ತೇನೆ.

ನಮ್ಮ ಬ್ಯಾಂಕಿನ ಕೌಂಟರಿಗೆ ಒಡವೆ ಅಡವಿಡಲು ಒಬ್ಬಾಕೆ ಬರುತ್ತಾರೆ. ವಯಸ್ಸು ನಲವತ್ತಾಗಿಲ್ಲ. ಮೆಟ್ಟಿಲು ಹತ್ತಿ ಬಂದರೆ ಐದು ನಿಮಿಷ ಬೆಂಚಿನ ಮೇಲೆ ಕೂತೇ ಮಾತಾಡಬೇಕು. ಹದಿನೇಳಕ್ಕೆ ಗಿರಣಿ ಸೇರಿದವರು. ಮೂರು ಗಿರಣಿಗಳಲ್ಲಿ ಬಿಡಿಬಿಡಿಯಾಗಿ ಒಂಬತ್ತು ವರ್ಷ ದುಡಿದರು. "ಸೋಮವಾರ ಎದೆ ಕಟ್ಟುತ್ತಿತ್ತಣ್ಣಾ, ಗುರುವಾರದ ಹೊತ್ತಿಗೆ ಸರಿಹೋಗುತ್ತಿತ್ತು. ಆಮೇಲಾಮೇಲೆ ಎಲ್ಲ ದಿನವೂ ಸೋಮವಾರವೇ ಆಯಿತು" ಎಂದರು. (ನಮ್ಮಂಥ ಗುಮಾಸ್ತರಿಗೂ ಸೋಮವಾರದ ಕಾಯಿಲೆಯುಂಟು, ಅದು ಬೇರೆ ಜಾತಿಯದು.)

ಆಕೆ ಪುಸ್ತಕ ಓದಿದವರಲ್ಲ. ಆದರೆ ವೈದ್ಯಗ್ರಂಥಗಳಲ್ಲಿ ಬಿಸಿನೋಸಿಸ್ ಎಂಬ ರೋಗದ ಮೊದಲ ಲಕ್ಷಣವೆಂದು ಬರೆದಿರುವುದು ಇದನ್ನೇ. ಹತ್ತಿಯ ದೂಳಿನಲ್ಲಿ ಬ್ಯಾಕ್ಟೀರಿಯಾಗಳ ವಿಷಾಂಶವಿರುತ್ತದೆ. ರಜೆಯ ನಂತರ ಮತ್ತೆ ಒಳಹೊಕ್ಕ ದಿನ ಶ್ವಾಸನಾಳ ಬಿಗಿಯುತ್ತದೆ. ಆರಂಭದಲ್ಲಿ ಕೆಲಸ ಬಿಟ್ಟರೆ ವಾಸಿ; ವರ್ಷಗಟ್ಟಲೆ ದೂಳು ಕುಡಿದರೆ ಶ್ವಾಸಕೋಶ ಹಿಂದಿನಂತಾಗುವುದಿಲ್ಲ. ಹತ್ತಿಯ ಮೂಟೆ ಬಿಚ್ಚಿ ಬಿಡಿಸುವ ಬ್ಲೋ ರೂಮು, ಎಳೆ ಹಿಂಜುವ ಕಾರ್ಡಿಂಗ್, ಇಲ್ಲಿ ದೂಳು ಅತಿ ಹೆಚ್ಚು. ನಾರು ಹಿಂಜುವವರ ಕೆಮ್ಮಿನ ಬಗ್ಗೆ ಇಟಲಿಯ ರಾಮಝಿನಿ 1700ರಲ್ಲೇ ಬರೆದಿದ್ದ. ಮುನ್ನೂರು ವರ್ಷಗಳ ಹಳೆಯ ಸುದ್ದಿ ಇದು! ಆದರೂ ಆಕೆಯ ಚೀಟಿಗಳಲ್ಲಿ ನಾನು ಕಂಡದ್ದು 'ನಿಶ್ಶಕ್ತಿ', 'ರಕ್ತಹೀನತೆ', 'ಅಲರ್ಜಿ'. ಗಂಡಸಾಗಿದ್ದರೆ ಬೀಡಿಯ ಮೇಲೆ ಹಾಕುತ್ತಿದ್ದರು. ಹೆಂಗಸಾದ್ದರಿಂದ ಒಲೆಯ ಹೊಗೆಯ ಮೇಲೆ ಹಾಕಿದರು.

ಕಾನೂನಿಲ್ಲವೇ? ಇದೆ. 1948ರ ಫ್ಯಾಕ್ಟರಿ ಕಾಯ್ದೆಯ ಅನುಸೂಚಿಯಲ್ಲಿ ಬಿಸಿನೋಸಿಸ್ ಸರಕಾರಕ್ಕೆ ತಿಳಿಸಲೇಬೇಕಾದ ರೋಗವಾಗಿತ್ತು. ಅದರ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲೂ ಇದೆ. ಆದರೆ ಇ.ಎಸ್.ಐ. ಕಾಯ್ದೆ ಒಂದು ಷರತ್ತು ಹಾಕಿತ್ತು: ನಿಗಮ ಗೊತ್ತುಪಡಿಸಿದಷ್ಟು ಕಾಲ ಎಡೆಬಿಡದೆ ದುಡಿದವರ ರೋಗವನ್ನಷ್ಟೇ ಕೆಲಸದಿಂದ ಬಂದದ್ದೆಂದು ತಾನಾಗಿ ಒಪ್ಪುವುದು. ಎಡೆಬಿಡದೆ ದುಡಿಯುವ ಹೆಣ್ಣುಮಗಳು ಯಾರು ಸ್ವಾಮೀ? ಮದುವೆಗೊಮ್ಮೆ, ಬಾಣಂತನಕ್ಕೊಮ್ಮೆ, ಅತ್ತೆಯ ಶುಶ್ರೂಷೆಗೊಮ್ಮೆ ಬಿಟ್ಟವಳೇ ಎಲ್ಲ. ಇನ್ನು 'ಸುಮಂಗಲಿ' ಯೋಜನೆಯೆಂಬುದನ್ನು ನೋಡಿ. ಬಡವರ ಹುಡುಗಿಯರನ್ನು ಗಿರಣಿಯ ಹಾಸ್ಟೆಲಿನಲ್ಲಿಟ್ಟು, ಮೂರು ವರ್ಷ ದುಡಿಸಿ, ಕೊನೆಗೆ ಮದುವೆಗೆಂದು ಒಂದು ಇಡಿಗಂಟು ಕೊಡುವುದು. ಮೂರು ವರ್ಷಕ್ಕೆ ಎಲ್ಲರ ಎದೆಯೂ ಕೆಡುತ್ತದೆ ಎಂದು ನಾನು ಹೇಳುತ್ತಿಲ್ಲ. ಕೆಟ್ಟಿದೆಯೋ ಇಲ್ಲವೋ ಎಂದು ಅಳೆಯುವ ಮೊದಲೇ ಹುಡುಗಿ ಗೇಟು ದಾಟಿರುತ್ತಾಳೆ, ಅವಳ ಹಿಂದೆಯೇ ಹೊಸಬಳು ಒಳಗೆ ಬಂದಿರುತ್ತಾಳೆ. ಗಿರಣಿಯ ಪುಸ್ತಕ ಚೊಕ್ಕ!

ಕಾಸರಗೋಡಿನ ಓದುಗರಿಗೆ ನಾನು ಎಂಡೋಸಲ್ಫಾನಿನ ಕಥೆ ಹೇಳುವುದು ಅಧಿಕಪ್ರಸಂಗವಾದೀತು. ಆದರೂ ಒಂದು ವ್ಯತ್ಯಾಸ ಗಮನಿಸಿ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದಾಗ ಅದನ್ನುಂಡವರು ಅದೇ ಊರಿನಲ್ಲಿ ಉಳಿದಿದ್ದರು. ಆದ್ದರಿಂದಲೇ ಪಡ್ರೆಯ ಡಾಕ್ಟರ್ ಮೋಹನ ಕುಮಾರರಿಗೆ ಒಂದು ಊರಿನ ರೋಗವೆಲ್ಲ ಒಟ್ಟಾಗಿ ಕಂಡಿತು, ಶ್ರೀಪಡ್ರೆಯವರು ಬರೆದರು, ಲೀಲಾಕುಮಾರಿಯಮ್ಮ 1998ರಲ್ಲಿ ಹೊಸದುರ್ಗದ ಕೋರ್ಟಿನಿಂದ ತಡೆಯಾಜ್ಞೆ ತಂದರು. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು, 2017ರಲ್ಲಿ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ತಿರುಪ್ಪೂರಿನ ಬಣ್ಣದ ನೀರು ನೊಯ್ಯಲ್ ನದಿಯನ್ನು ಕೆಡಿಸಿದಾಗಲೂ ಕೆಳಗಿನ ರೈತರು ಅಲ್ಲೇ ಇದ್ದರು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಹೊಲ ಎದ್ದು ಗಂಡನ ಮನೆಗೆ ಹೋಗುವುದಿಲ್ಲ. ಗಿರಣಿಯ ಹುಡುಗಿ ಹೋಗುತ್ತಾಳೆ, ದೂಳನ್ನು ಎದೆಯೊಳಗೆ ಇಟ್ಟುಕೊಂಡೇ ಹೋಗುತ್ತಾಳೆ.

2019ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್‌ನವರು ತಮಿಳುನಾಡಿನ ಸಿದ್ಧ ಉಡುಪು ಘಟಕಗಳ ಸುಮಾರು 100 ಹೆಂಗಸರನ್ನು ಮಾತಾಡಿಸಿದರು. ಮುಟ್ಟಿನ ನೋವಿದ್ದರೂ ಕೆಲಸ ನಿಲ್ಲದಿರಲೆಂದು ಹೆಸರಿಲ್ಲದ ಮಾತ್ರೆ ನುಂಗಿಸುತ್ತಿದ್ದುದು ಹೊರಬಂತು. ಹೆಣ್ಣಿನ ದೇಹವನ್ನು ಯಂತ್ರದ ವೇಗಕ್ಕೆ ಹೊಂದಿಸಲು ಮಾತ್ರೆಯುಂಟು, ಅವಳ ಉಸಿರು ಅಳೆಯಲು ಕೊಳವೆಯಿಲ್ಲ.

ನಮ್ಮವರನ್ನೂ ಬಿಡುವುದಿಲ್ಲ. ಮಗಳ ಕೆಮ್ಮನ್ನು ಬೀಗರಿಂದ ಮುಚ್ಚಿಡುವವರು ಯಾರು? ನಾವೇ. "ಗಿರಣಿಗೆ ಹೋಗುತ್ತಿದ್ದಳು ಅನ್ನಬೇಡಿ, ಮನೆಯಲ್ಲೇ ಇದ್ದಳು ಅನ್ನಿ" ಎಂದು ತಾಯಂದಿರು ಹೇಳುವುದನ್ನು ನಾನೇ ಕೇಳಿದ್ದೇನೆ. ಮಾಲೀಕ ಅಳಿಸಬೇಕಾದ ಸಾಕ್ಷ್ಯವನ್ನು ನಾವು ಪುಕ್ಕಟೆಯಾಗಿ ಅಳಿಸಿಕೊಡುತ್ತಿದ್ದೇವೆ.

ಬ್ಯಾಂಕಿನಲ್ಲಿ ತಲೆ ಸಿಗದ ಹಣವನ್ನು ಸಸ್ಪೆನ್ಸ್ ಖಾತೆಯಲ್ಲಿಡುತ್ತೇವೆ. ಹೆಚ್ಚು ದಿನ ಉಳಿದರೆ ಆಡಿಟರು ಬೈಯುತ್ತಾರೆ. ಈ ಕೆಮ್ಮಿಗೆ ಆಡಿಟರೂ ಇಲ್ಲ. ಸೇರುವಾಗೊಮ್ಮೆ, ಬಿಡುವಾಗೊಮ್ಮೆ ಉಸಿರಿನ ಪರೀಕ್ಷೆ ಮಾಡಿಸಿ, ಅದರ ಚೀಟಿಯನ್ನು ಪಿ.ಎಫ್. ಕಾಗದದ ಜೊತೆ ಹುಡುಗಿಯ ಕೈಗೇ ಕೊಡಬೇಕು. ಗಿರಣಿ ಬದಲಾದರೂ ವರ್ಷಗಳನ್ನು ಕೂಡಿಸಿ ಎಣಿಸಬೇಕು. ಇದು ದುಬಾರಿಯೆನ್ನುವವರು ಹತ್ತಿಯ ತೇವಾಂಶ ಅಳೆಯಲು ಎಷ್ಟು ಖರ್ಚು ಮಾಡುತ್ತಾರೆಂದು ಹೇಳಲಿ.

ಆಕೆಯ ಹತ್ತಿರ ಗಿರಣಿಯ ಒಂದು ತುಂಡು ಕಾಗದವೂ ಇರಲಿಲ್ಲ. ಕೊನೆಗೆ ಅಕ್ಕಿ ಡಬ್ಬಿಯ ತಳದಲ್ಲಿದ್ದ ಹಳೆಯ ಪಾಸ್‌ಬುಕ್ಕು ತಂದರು. ಎರಡನೆಯ ಗಿರಣಿಯ ಸಂಬಳ ಹದಿನಾಲ್ಕು ತಿಂಗಳು ಅದರಲ್ಲಿ ಜಮೆಯಾಗಿತ್ತು. ಆಕೆ ಅಲ್ಲಿ ದುಡಿದದ್ದಕ್ಕೆ ಅದೊಂದೇ ಪುರಾವೆ. ಖಾತೆ ಮುಚ್ಚಿದರೂ ಪಾಸ್‌ಬುಕ್ಕು ಎಸೆಯಬೇಡಿ ಅಕ್ಕಂದಿರೇ. ಅದರಲ್ಲಿ ಗಿರಣಿಯ ಹೆಸರಿದೆ, ತಾರೀಖಿದೆ.